ನ್ಯಾಯಕ್ಕೊಂದು, ಬದ್ಧತೆಗೊಂದು: ನೌಕರರ ಸರ್ವೆಗೆ ಬಳಸುವ ಎರಡು ಪ್ರಶ್ನಾವಳಿಗಳ ವಿಮರ್ಶೆ

ನೌಕರರ ಅಭಿಪ್ರಾಯ ಸರ್ವೆ ಬಹಳಷ್ಟು ಕಡೆ ನಡೆಯುವುದು ಹೀಗೆ: ಹತ್ತಿಪ್ಪತ್ತು ಪ್ರಶ್ನೆ ಕೇಳುತ್ತಾರೆ, ಎಲ್ಲವನ್ನೂ ಕೂಡಿಸಿ ಒಂದು ಸರಾಸರಿ ತೆಗೆಯುತ್ತಾರೆ, ಕಳೆದ ವರ್ಷದ ಅಂಕದ ಪಕ್ಕ ಅದನ್ನು ಇಡುತ್ತಾರೆ. ಅಂಕ ಇಳಿದಿದ್ದರೆ ಯಾಕೆ ಇಳಿಯಿತು, ಎಲ್ಲಿ ಕೈ ಹಾಕಬೇಕು ಎಂಬುದು ಆ ಒಂದು ಅಂಕಿಯಿಂದ ಗೊತ್ತಾಗುವುದಿಲ್ಲ. ಈ ಕೊರತೆಯನ್ನು ಬಹುಮಟ್ಟಿಗೆ ನೀಗಿಸುವ ಎರಡು ಪ್ರಶ್ನಾವಳಿಗಳಿವೆ. ಒಂದು, ಜೇಸನ್ ಕಾಲ್ಕ್ವಿಟ್ 2001ರಲ್ಲಿ ಪ್ರಕಟಿಸಿದ ಸಾಂಸ್ಥಿಕ ನ್ಯಾಯದ ಅಳತೆಗೋಲು. ಇದರಲ್ಲಿ 20 ಪ್ರಶ್ನೆಗಳಿವೆ. ಇನ್ನೊಂದು, ಜಾನ್ ಮೇಯರ್ ಮತ್ತು ನಟಾಲಿ ಅಲೆನ್ ಅವರ ಬದ್ಧತೆಯ ಅಳತೆಗೋಲು. 1990ರಲ್ಲಿ 24 ಹೇಳಿಕೆಗಳಿದ್ದ ಇದನ್ನು 1993ರಲ್ಲಿ ಕ್ಯಾಥರೀನ್ ಸ್ಮಿತ್ ಜೊತೆ ಸೇರಿ 18ಕ್ಕೆ ಇಳಿಸಿದರು. ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಈ 18ರ ಆವೃತ್ತಿಯೇ. ಎರಡನ್ನೂ ಸೇರಿಸಿದರೆ 38 ಪ್ರಶ್ನೆ. ನಿಧಾನವಾಗಿ ಓದುವವರಿಗೂ ಕಾಲು ಗಂಟೆ ಸಾಕು.

ನಮ್ಮ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇವೆ. ಸಂಬಳ, ಬಡ್ತಿ, ಶಿಫ್ಟು, ಅಪ್ರೈಸಲ್‌ಗಳಲ್ಲಿ ಜನರಿಗೆ ಅನ್ಯಾಯದ ಭಾವನೆ ಇದೆಯೇ, ಅದು ಸಂಸ್ಥೆಯ ಮೇಲಿನ ಅವರ ಬದ್ಧತೆಯನ್ನು ಸವೆಸುತ್ತಿದೆಯೇ ಎಂದು ತಿಳಿಯಬೇಕಾದರೆ ಇದಕ್ಕಿಂತ ಉಪಯುಕ್ತವಾದ ಜೋಡಿ ಸುಲಭವಾಗಿ ಸಿಗುವುದಿಲ್ಲ. ಇವುಗಳ ಬಲವೆಲ್ಲ ಇರುವುದು ಒಂದೇ ಗುಣದಲ್ಲಿ: ನ್ಯಾಯವನ್ನು ನಾಲ್ಕು ಭಾಗ ಮಾಡಿ, ಬದ್ಧತೆಯನ್ನು ಮೂರು ಭಾಗ ಮಾಡಿ ಕೇಳುತ್ತವೆ. ಆ ಭಾಗಗಳನ್ನು ಮತ್ತೆ ಕಲಸಿ ಒಂದೇ ಅಂಕ ಮಾಡಿದರೆ ಇವನ್ನು ಬಳಸಿಯೂ ಬಳಸದಂತೆಯೇ.

ಮೊದಲು ನ್ಯಾಯದ ಪ್ರಶ್ನಾವಳಿ. ಹಂಚಿಕೆಯ ನ್ಯಾಯಕ್ಕೆ ಇದರಲ್ಲಿ 4 ಪ್ರಶ್ನೆಗಳಿವೆ. ಸಿಕ್ಕಿದ್ದು ಹಾಕಿದ ಶ್ರಮಕ್ಕೆ, ಮುಗಿಸಿದ ಕೆಲಸಕ್ಕೆ, ಸಂಸ್ಥೆಗೆ ಕೊಟ್ಟ ಕೊಡುಗೆಗೆ, ತೋರಿಸಿದ ಸಾಧನೆಗೆ ತಕ್ಕಂತಿದೆಯೇ ಎಂದು ಅವು ಕೇಳುತ್ತವೆ. ತಾನು ಹಾಕಿದ್ದಕ್ಕೂ ಪಡೆದದ್ದಕ್ಕೂ ಇರುವ ಪ್ರಮಾಣವನ್ನು ಮನುಷ್ಯ ಪಕ್ಕದವನ ಪ್ರಮಾಣದ ಜೊತೆ ಹೋಲಿಸಿ ನೋಡುತ್ತಾನೆ ಎಂದು ಸ್ಟೇಸಿ ಆಡಮ್ಸ್ 1960ರ ದಶಕದಲ್ಲಿ ಹೇಳಿದ್ದೇ ಇದರ ಬೇರು. ಕಾರ್ಯವಿಧಾನದ ನ್ಯಾಯಕ್ಕೆ 7 ಪ್ರಶ್ನೆಗಳು. ನಿರ್ಧಾರಕ್ಕೆ ಬರುವ ಮುನ್ನ ನಿಮ್ಮ ಮಾತು ಹೇಳಲು ಅವಕಾಶವಿತ್ತೇ, ಆ ಮಾತಿಗೆ ಬೆಲೆ ಇತ್ತೇ, ನಿಯಮ ಎಲ್ಲರಿಗೂ ಒಂದೇ ರೀತಿ ಅನ್ವಯವಾಯಿತೇ, ಪಕ್ಷಪಾತ ಇರಲಿಲ್ಲವೇ, ಬಳಸಿದ ಮಾಹಿತಿ ಸರಿಯಿತ್ತೇ, ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ ದಾರಿ ಇತ್ತೇ, ನೀತಿಗೆ ಒಪ್ಪುವಂತಿತ್ತೇ. ಮೊದಲೆರಡರ ಹಿಂದಿರುವುದು ಥೀಬೋ ಮತ್ತು ವಾಕರ್ 1975ರಲ್ಲಿ ನ್ಯಾಯಾಲಯದ ವಿಚಾರಣೆಗಳ ಬಗ್ಗೆ ಮಾಡಿದ ಕೆಲಸ. ಉಳಿದವುಗಳಲ್ಲಿ ಹೆಚ್ಚಿನವು 1980ರಲ್ಲಿ ಲೆವೆಂಥಾಲ್ ಪಟ್ಟಿ ಮಾಡಿದ ನಿಯಮಗಳಿಂದ ಬಂದಿವೆ.

ಮೂರನೆಯದು ನಡೆನುಡಿಯ ನ್ಯಾಯ, 4 ಪ್ರಶ್ನೆ: ನಿರ್ಧಾರ ತಿಳಿಸಿದವರು ಸಭ್ಯವಾಗಿ, ಘನತೆಯಿಂದ, ಗೌರವದಿಂದ ಮಾತಾಡಿದರೇ, ಆಡಬಾರದ ಮಾತು ಆಡಲಿಲ್ಲವೇ. ನಾಲ್ಕನೆಯದು ಮಾಹಿತಿಯ ನ್ಯಾಯ, 5 ಪ್ರಶ್ನೆ: ಮುಚ್ಚುಮರೆಯಿಲ್ಲದೆ ಹೇಳಿದರೇ, ವಿಧಾನವನ್ನು ಪೂರ್ತಿ ವಿವರಿಸಿದರೇ, ಕೊಟ್ಟ ಕಾರಣ ಒಪ್ಪುವಂತಿತ್ತೇ, ಸಮಯಕ್ಕೆ ಸರಿಯಾಗಿ ತಿಳಿಸಿದರೇ, ಕೇಳುವವರಿಗೆ ಅರ್ಥವಾಗುವಂತೆ ಹೇಳಿದರೇ. 1986ರಲ್ಲಿ ಬೀಸ್ ಮತ್ತು ಮೋಗ್ ಒಂದೇ ಗಂಟಾಗಿ ಇಟ್ಟಿದ್ದ ಈ ಎರಡನ್ನು 1993ರಲ್ಲಿ ಜೆರಾಲ್ಡ್ ಗ್ರೀನ್‌ಬರ್ಗ್ ಬಿಡಿಸಿದರು. ಬಿಡಿಸಿದ್ದು ಒಳ್ಳೆಯದಾಯಿತು. ನಗುನಗುತ್ತಾ, ಭುಜ ತಟ್ಟಿ, ಒಂದೂ ಕಾರಣ ಕೊಡದೆ ಇನ್‌ಕ್ರಿಮೆಂಟ್ ನಿರಾಕರಿಸುವ ಮ್ಯಾನೇಜರ್‌ಗಳು ಬೇಕಾದಷ್ಟಿದ್ದಾರೆ. ಗಂಟು ಬಿಡಿಸದಿದ್ದರೆ ಅಂಥವರ ಅಂಕ ಎಲ್ಲೋ ಮಧ್ಯದಲ್ಲಿ ಬಂದು ನಿಂತು ವಿಷಯವನ್ನೇ ಮರೆಮಾಡುತ್ತದೆ.

ಇಪ್ಪತ್ತೂ ಪ್ರಶ್ನೆಗೆ ಉತ್ತರ 1ರಿಂದ 5. ಅತಿ ಕಡಿಮೆ ಮಟ್ಟಿಗೆ ಎಂದರೆ 1, ಬಹಳ ಮಟ್ಟಿಗೆ ಎಂದರೆ 5.

ಬದ್ಧತೆಯ ಪ್ರಶ್ನಾವಳಿಯಲ್ಲಿ ಮೂರು ಭಾಗ, ಭಾಗಕ್ಕೆ 6 ಹೇಳಿಕೆ, ಉತ್ತರ 1ರಿಂದ 7. ಒಲವಿನ ಬದ್ಧತೆ ಎಂದರೆ ಇರಬೇಕೆಂಬ ಮನಸ್ಸಿದ್ದು ಇರುವುದು. ಅನಿವಾರ್ಯತೆಯ ಬದ್ಧತೆ ಎಂದರೆ ಬಿಟ್ಟರೆ ಆಗುವ ನಷ್ಟ ಲೆಕ್ಕ ಹಾಕಿ ಇರುವುದು. ಋಣದ ಬದ್ಧತೆ ಎಂದರೆ ಬಿಟ್ಟುಹೋಗುವುದು ಸರಿಯಲ್ಲ ಎಂಬ ಭಾವನೆಯಿಂದ ಇರುವುದು. ಕೆಲಸ ಬಿಡುವವರ ಸಂಖ್ಯೆ ಕಡಿಮೆ ಇದೆ, ಹಾಗಾಗಿ ನಮ್ಮವರು ಬದ್ಧರಾಗಿದ್ದಾರೆ ಎಂದು ನಂಬಿಕೊಂಡ ಆಡಳಿತಗಳಿಗೆ ಈ ವಿಂಗಡಣೆ ತುಂಬ ಬೇಕಾದದ್ದು. ಮೇಯರ್ ಮತ್ತು ಸಹೋದ್ಯೋಗಿಗಳು 2002ರಲ್ಲಿ ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ನೋಡಿದಾಗ ಹಾಜರಾತಿ, ಕೆಲಸದ ಗುಣಮಟ್ಟ, ಕರ್ತವ್ಯದಾಚೆಗಿನ ಸಹಕಾರ ಇವುಗಳ ಜೊತೆ ಗಟ್ಟಿ ನಂಟು ಕಂಡದ್ದು ಒಲವಿನ ಬದ್ಧತೆಗೆ. ಅನಿವಾರ್ಯತೆಯ ಬದ್ಧತೆಗೆ ಅಂಥ ನಂಟು ಕಾಣಲಿಲ್ಲ. ಕೆಲಸದ ಗುಣಮಟ್ಟದ ವಿಷಯದಲ್ಲಿ ಅದು ತುಸು ಹಿಮ್ಮುಖವಾಗಿಯೇ ಇತ್ತು. ನ್ಯಾಯದ ಭಾವನೆ ಬೆಸೆದುಕೊಂಡಿರುವುದೂ ಮುಖ್ಯವಾಗಿ ಒಲವಿನ ಬದ್ಧತೆಗೇ. ಆದ್ದರಿಂದ ಅನ್ಯಾಯ ನಡೆಯುತ್ತಿರುವ ಜಾಗದಲ್ಲಿ ಜನ ಕೆಲಸ ಬಿಡದೆ ಇರಬಹುದು, ಬೇರೆ ಕೆಲಸ ಸಿಗದೆ, ಸಾಲದ ಕಂತಿಗೆ ಅಂಜಿ. ಹೊರಗಿನಿಂದ ನೋಡಿದರೆ ಎಲ್ಲ ಶಾಂತವಾಗಿಯೇ ಕಾಣುತ್ತದೆ.

ಈ ಎರಡರ ನಂಟು ಎಷ್ಟು ಗಟ್ಟಿ? ಕಾಲ್ಕ್ವಿಟ್ ಮತ್ತು ಸಂಗಡಿಗರು 2001ರಲ್ಲೇ 183 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಸಂಸ್ಥೆಯ ಮೇಲಿನ ಬದ್ಧತೆಯ ಜೊತೆ ಹಂಚಿಕೆಯ ನ್ಯಾಯ, ಕಾರ್ಯವಿಧಾನದ ನ್ಯಾಯ ಎರಡೂ ಬಲವಾಗಿ ಬೆಸೆದಿದ್ದವು, ಕಾರ್ಯವಿಧಾನದ್ದು ಒಂದು ಹೆಜ್ಜೆ ಮುಂದೆ. ಕಾರಣ ಊಹಿಸುವುದು ಕಷ್ಟವಲ್ಲ. ಒಂದು ವರ್ಷದ ಬೋನಸ್ ಒಂದು ವರ್ಷದ್ದು. ಅದನ್ನು ನಿರ್ಧರಿಸುವ ವಿಧಾನ ಮಾತ್ರ ಮುಂದಿನ ವರ್ಷಕ್ಕೂ ಅದರಾಚೆಗೂ ಇರುತ್ತದೆ. ವಿಧಾನ ನೆಟ್ಟಗಿದ್ದರೆ ಈ ಸಲ ಕಡಿಮೆ ಬಂದದ್ದನ್ನು ಜನ ನುಂಗಿಕೊಳ್ಳುತ್ತಾರೆ. ಬ್ರಾಕ್ನರ್ ಮತ್ತು ವೀಸನ್‌ಫೆಲ್ಡ್ 1996ರಲ್ಲಿ ತೋರಿಸಿದ್ದೂ ಇದನ್ನೇ: ಫಲಿತಾಂಶ ಒಳ್ಳೆಯದಿದ್ದಾಗ ವಿಧಾನದ ಬಗ್ಗೆ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ, ಕೆಟ್ಟದ್ದಿದ್ದಾಗಲೇ ವಿಧಾನದ ತೂಕ ಏರುವುದು. ಹಾಗಾಗಿ ಈ ಪ್ರಶ್ನಾವಳಿಯನ್ನು ಎಲ್ಲರಿಗೂ ಕೈತುಂಬ ಬೋನಸ್ ಸಿಕ್ಕ ವರ್ಷ ಮಾಡಿ ಬೀಗುವುದರಲ್ಲಿ ಅರ್ಥವಿಲ್ಲ. ಬಿಗಿಯಾದ ವರ್ಷದ ಅಂಕವೇ ನಿಜ ಹೇಳುವುದು.

ಮಾಹಿತಿಯ ನ್ಯಾಯಕ್ಕೆ ಎಷ್ಟು ಬೆಲೆ ಎಂದು ತಿಳಿಯಲು ಗ್ರೀನ್‌ಬರ್ಗ್ 1990ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಬೇಕು. ಒಂದೇ ಕಂಪನಿಯ ಎರಡು ಕಾರ್ಖಾನೆಗಳಲ್ಲಿ ತಾತ್ಕಾಲಿಕವಾಗಿ, 10 ವಾರಗಳ ಮಟ್ಟಿಗೆ, ಸಂಬಳದಲ್ಲಿ 15 ಶೇಕಡಾ ಕಡಿತವಾಯಿತು, ಮೂರನೆಯದರಲ್ಲಿ ಕಡಿತವಿರಲಿಲ್ಲ. ಕಡಿತವಾದ ಒಂದು ಕಾರ್ಖಾನೆಯಲ್ಲಿ ಸುಮಾರು 90 ನಿಮಿಷ ಕೂತು ಲೆಕ್ಕಪತ್ರ ತೋರಿಸಿ, ವಿಷಾದ ವ್ಯಕ್ತಪಡಿಸಿ, ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟರು. ಇನ್ನೊಂದರಲ್ಲಿ 15 ನಿಮಿಷದಲ್ಲಿ ವಿಷಯ ತಿಳಿಸಿ ಸಭೆ ಮುಗಿಸಿದರು. ಕಡಿತದ ಅವಧಿಯಲ್ಲಿ ಎರಡೂ ಕಡೆ ವಸ್ತುಗಳ ಕಳವು ಏರಿತು, ಆದರೆ ವಿವರಣೆ ಸಾಲದ ಕಡೆ ಬಹಳ ಹೆಚ್ಚು ಏರಿತು. ಸಂಬಳ ಮೊದಲಿನಂತಾದ ಮೇಲೆ ಇಳಿಯಿತು. ಕಡಿತ ಎರಡೂ ಕಡೆ ಒಂದೇ. ಬೇರೆಯಾಗಿದ್ದದ್ದು ಅದನ್ನು ಹೇಳಿದ ರೀತಿ.

ಇನ್ನು ಬಳಕೆ. ನ್ಯಾಯದ ಪ್ರಶ್ನಾವಳಿಯ ವಿನ್ಯಾಸದಲ್ಲೇ ಒಂದು ಖಾಲಿ ಜಾಗವಿದೆ. ಯಾವ ಫಲಿತಾಂಶದ ಬಗ್ಗೆ ಕೇಳುತ್ತಿದ್ದೇವೆ ಎಂಬುದನ್ನು ಬಳಸುವವರು ತುಂಬಬೇಕು. ಹೆಚ್ಚಿನ ಸರ್ವೆಗಳು ಹಾಳಾಗುವುದು ಇಲ್ಲೇ. ಖಾಲಿ ಜಾಗದಲ್ಲಿ ‘ಕಂಪನಿಯ ನಿರ್ಧಾರಗಳು’ ಎಂದು ತುಂಬಿದರೆ ಒಬ್ಬರು ಸಂಬಳ ನೆನೆದು ಉತ್ತರ ಬರೆಯುತ್ತಾರೆ, ಇನ್ನೊಬ್ಬರು ರಜೆ, ಮತ್ತೊಬ್ಬರು ಕ್ಯಾಂಟೀನು. ಸರಾಸರಿ ಯಾವುದರದ್ದೂ ಅಲ್ಲ. ‘ಈ ವರ್ಷದ ಸಂಬಳ ಪರಿಷ್ಕರಣೆ’, ‘ಕಳೆದ ಬಡ್ತಿ ಸುತ್ತು’, ‘ಶಿಫ್ಟ್ ಹಂಚಿಕೆ’ ಹೀಗೆ ಒಂದನ್ನೇ ಹಿಡಿಯಬೇಕು. ಎರಡು ವಿಷಯ ಬೇಕೇ ಬೇಕೆಂದರೆ ಇಪ್ಪತ್ತು ಪ್ರಶ್ನೆ ಎರಡು ಸಲ ಕೇಳುವ ಬದಲು ಎರಡು ಗುಂಪುಗಳಿಗೆ ಒಂದೊಂದು ವಿಷಯ ಕೊಡುವುದು ಲೇಸು. 58 ಪ್ರಶ್ನೆಯ ಫಾರಂ ತುಂಬುವವರು ನಡುವಿನಿಂದಾಚೆ ಓದದೆ ಗುರುತು ಹಾಕುತ್ತಾರೆ.

ಹಾಗೆಯೇ ನಡೆನುಡಿ ಮತ್ತು ಮಾಹಿತಿಯ ಪ್ರಶ್ನೆಗಳಲ್ಲಿ ‘ಅವರು’ ಯಾರು ಎಂಬುದನ್ನು ಸ್ಪಷ್ಟಪಡಿಸಬೇಕು. ನಿಮ್ಮ ನೇರ ಮೇಲ್ವಿಚಾರಕರೇ, ವಿಭಾಗದ ಮುಖ್ಯಸ್ಥರೇ, ಎಚ್‌ಆರ್‌ನವರೇ? ನಿರ್ಧಾರ ಮೇಲಿಂದ ಬಂದು ಮೇಲ್ವಿಚಾರಕರು ಬರೀ ಸುದ್ದಿ ಮುಟ್ಟಿಸಿದ ಕಡೆ ಇದನ್ನು ಬಿಡಿಸಿ ಕೇಳದಿದ್ದರೆ, ಮಾಡದ ತಪ್ಪಿಗೆ ಮೇಲ್ವಿಚಾರಕರ ಅಂಕ ಕತ್ತರಿಸಿಹೋಗುತ್ತದೆ.

ಸಮಯವೂ ಮುಖ್ಯ. ಇನ್‌ಕ್ರಿಮೆಂಟ್ ಪತ್ರ ಕೈಗೆ ಬಂದ ವಾರ ಕೇಳಿದರೆ ಉತ್ತರದಲ್ಲಿ ಸಿಟ್ಟೋ ಸಂಭ್ರಮವೋ ಉಕ್ಕುತ್ತಿರುತ್ತದೆ. ಆರು ತಿಂಗಳು ಕಳೆದರೆ ವಿವರ ಮರೆತಿರುತ್ತದೆ. ಮೂರರಿಂದ ಆರು ವಾರದೊಳಗೆ ನ್ಯಾಯದ ಭಾಗ ಕೇಳಿ, ಎರಡು ಮೂರು ವಾರ ಬಿಟ್ಟು ಬದ್ಧತೆಯ ಭಾಗ ಕೇಳುವುದು ನಾವು ಒಪ್ಪುವ ಕ್ರಮ. ಎರಡನ್ನೂ ಒಂದೇ ಕೂತಲ್ಲಿ ಕೇಳಿದರೆ ಆ ದಿನದ ಮನಃಸ್ಥಿತಿ ಎರಡರ ಮೇಲೂ ಬಿದ್ದು, ಇವುಗಳ ನಂಟು ನಿಜಕ್ಕಿಂತ ಗಟ್ಟಿಯಾಗಿ ಕಾಣುತ್ತದೆ. ಆದರೆ ಎರಡು ಸಲ ಕೇಳುವುದಾದರೆ ಒಬ್ಬರ ಎರಡು ಫಾರಂಗಳನ್ನು ಜೋಡಿಸಲು ಒಂದು ಗುಟ್ಟಿನ ಗುರುತು ಬೇಕಾಗುತ್ತದೆ. ತಾಯಿಯ ಹೆಸರಿನ ಮೊದಲ ಅಕ್ಷರ, ಫೋನ್ ನಂಬರಿನ ಕೊನೆಯ ಎರಡು ಅಂಕಿ, ಹೀಗೆ ನೌಕರರೇ ಕಟ್ಟಿಕೊಳ್ಳುವ ಗುರುತು ಸಾಕು. ನೌಕರ ಸಂಖ್ಯೆ ಬರೆಯಿರಿ ಎಂದರೆ ಮುಗಿಯಿತು, ಎಲ್ಲರ ಉತ್ತರವೂ 4 ಮತ್ತು 5.

ಬೇರೆ ಭಾಷೆಗೆ ತಂದು ಬಳಸುವಾಗ ಒಬ್ಬರು ಅನುವಾದಿಸಿ, ಮೂಲ ನೋಡದ ಇನ್ನೊಬ್ಬರು ತಿರುಗಿ ಇಂಗ್ಲಿಷಿಗೆ ತಂದು, ಎರಡನ್ನೂ ಹೋಲಿಸಬೇಕು. ಆಮೇಲೆ ಐದಾರು ನೌಕರರ ಮುಂದೆ ಓದಿ, ಅವರಿಗೆ ಏನು ಅರ್ಥವಾಯಿತೆಂದು ಅವರ ಮಾತಲ್ಲೇ ಹೇಳಿಸಬೇಕು. ವಿಶೇಷವಾಗಿ ಗಮನ ಬೇಕಾದದ್ದು ಬದ್ಧತೆಯ 18ರಲ್ಲಿರುವ 4 ನಕಾರದ ಹೇಳಿಕೆಗಳಿಗೆ: ಒಲವಿನ ಭಾಗದಲ್ಲಿ 3, ಋಣದ ಭಾಗದಲ್ಲಿ 1. ‘ನನಗೆ ಈ ಸಂಸ್ಥೆ ನನ್ನದೆನಿಸುವುದಿಲ್ಲ’ ಎಂಬುದಕ್ಕೆ ‘ಒಪ್ಪುವುದಿಲ್ಲ’ ಎಂದು ಗುರುತು ಹಾಕುವಾಗ ಬಹಳ ಜನ ಎಡವುತ್ತಾರೆ.

ಅಂಕ ಹಾಕುವಾಗಲೂ ಇಲ್ಲೇ ತಪ್ಪು. ಈ ನಾಲ್ಕನ್ನು ತಿರುಗಿಸಬೇಕು, ಅಂದರೆ 8ರಿಂದ ಕಳೆಯಬೇಕು: 2 ಇದ್ದದ್ದು 6 ಆಗುತ್ತದೆ. ಒಲವಿನ ಭಾಗದಲ್ಲಿ ನೇರ ಹೇಳಿಕೆಗಳಿಗೆ 6, 6, 6, ನಕಾರದವಕ್ಕೆ 2, 2, 2 ಕೊಟ್ಟ ವ್ಯಕ್ತಿಯ ನಿಜವಾದ ಅಂಕ 6. ತಿರುಗಿಸಲು ಮರೆತರೆ 4. ಗಾಢ ಒಲವು ಇರುವವರೂ ಏನೂ ಇಲ್ಲದವರೂ ಇಬ್ಬರೂ 4ರ ಸುತ್ತ ಬಂದು ಕೂರುತ್ತಾರೆ, ಸರ್ವೆ ಮಾಡಿದವರು ಎಲ್ಲರೂ ಸಾಧಾರಣ ಎಂದು ವರದಿ ಬರೆಯುತ್ತಾರೆ. ಕಂಡುಹಿಡಿಯುವುದು ಸುಲಭ: ಪ್ರತಿ ಭಾಗದ ಕ್ರಾನ್‌ಬ್ಯಾಕ್ ಆಲ್ಫಾ, ಅಂದರೆ ಆ ಭಾಗದ ಹೇಳಿಕೆಗಳಿಗೆ ಬಂದ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬುದರ ಅಳತೆ, ಲೆಕ್ಕ ಹಾಕಿ. 0.70ಕ್ಕಿಂತ ಮೇಲಿರಬೇಕಾದದ್ದು ತೀರ ಕೆಳಗೆ ಬಿದ್ದಿದ್ದರೆ ಮೊದಲು ತಿರುಗಿಸಿದ್ದನ್ನೇ ಪರೀಕ್ಷಿಸಿ. ತಿರುಗಿಸುವ ಮುನ್ನವೇ ಹದಿನೆಂಟಕ್ಕೂ ಒಂದೇ ಅಂಕಿ ಕೊಟ್ಟ ಫಾರಂಗಳನ್ನು ಪಕ್ಕಕ್ಕಿಡಿ, ಅವನ್ನು ಓದದೆ ತುಂಬಲಾಗಿದೆ.

ಫಲಿತಾಂಶ ಓದುವ ಬಗೆಗೆ ಒಂದು ಕಾಲ್ಪನಿಕ ವಿಭಾಗ ತೆಗೆದುಕೊಳ್ಳಿ, 24 ಜನ, ವಿಷಯ ಸಂಬಳ ಪರಿಷ್ಕರಣೆ. ಹಂಚಿಕೆ 3.4, ಕಾರ್ಯವಿಧಾನ 2.1, ನಡೆನುಡಿ 4.3, ಮಾಹಿತಿ 2.6. ಇಪ್ಪತ್ತನ್ನೂ ಕೂಡಿಸಿ ಸರಾಸರಿ ತೆಗೆದರೆ 2.9, ‘ಪರವಾಗಿಲ್ಲ, ಸುಧಾರಿಸಬಹುದು’ ಎಂದು ಕಡತ ಮುಚ್ಚುವಂಥ ಅಂಕ. ಬಿಡಿಸಿ ನೋಡಿದರೆ ಚಿತ್ರ ಬೇರೆ: ಹಣದ ಬಗ್ಗೆ ದೊಡ್ಡ ದೂರಿಲ್ಲ, ಮೇಲ್ವಿಚಾರಕರ ವರ್ತನೆ ಚೆನ್ನಾಗಿದೆ, ಕೆಟ್ಟಿರುವುದು ವಿಧಾನ. ಇನ್ನೂ ಒಳಗೆ ಹೋಗಿ ಕಾರ್ಯವಿಧಾನದ ಏಳು ಪ್ರಶ್ನೆ ನೋಡಿ: ಮಾತು ಹೇಳುವ ಅವಕಾಶ 2.5, ಮಾತಿನ ಬೆಲೆ 1.9, ಏಕರೂಪತೆ 2.4, ಪಕ್ಷಪಾತವಿಲ್ಲದಿರುವುದು 2.3, ಮಾಹಿತಿಯ ನಿಖರತೆ 1.7, ಮೇಲ್ಮನವಿ 1.3, ನೀತಿ 2.6. ಎಲ್ಲಕ್ಕಿಂತ ಕೆಳಗಿರುವುದು ಮೇಲ್ಮನವಿ, ನಂತರ ನಿಖರತೆ. ಅಂದರೆ ಅಪ್ರೈಸಲ್‌ನಲ್ಲಿ ಬರೆದ ಅಂಕಿಅಂಶ ತಪ್ಪಿದೆ, ತಪ್ಪಿದೆ ಎಂದು ಹೇಳಲು ಜಾಗವಿಲ್ಲ ಎಂಬುದು ಜನರ ಅನಿಸಿಕೆ. ಇದಕ್ಕೆ ಮದ್ದು ಸಂಬಳ ಏರಿಸುವುದಲ್ಲ, ನಾಯಕತ್ವದ ತರಬೇತಿಯೂ ಅಲ್ಲ. ಅಂತಿಮ ಅಂಕ ನಿಲ್ಲುವ ಮುನ್ನ ಪ್ರತಿಯೊಬ್ಬರಿಗೂ ತಮ್ಮ ದಾಖಲೆ ತೋರಿಸಿ ಹತ್ತು ಕೆಲಸದ ದಿನ ತಿದ್ದುಪಡಿಗೆ ಕೊಡಿ. ಮೇಲ್ಮನವಿಯನ್ನು ಮೊದಲು ಅಂಕ ಕೊಟ್ಟವರಲ್ಲದೆ ಬೇರೊಬ್ಬರು ಕೇಳಲಿ. ತೀರ್ಮಾನವನ್ನು ಕಾರಣ ಸಹಿತ ಬರೆದು ಕೊಡಿ. ಇಷ್ಟಕ್ಕೆ ಖರ್ಚಾಗುವುದು ಸಮಯ ಮಾತ್ರ.

ಅದೇ ವಿಭಾಗದ ಬದ್ಧತೆ ಹೀಗಿದೆ ಎಂದುಕೊಳ್ಳಿ: ಒಲವು 3.2, ಅನಿವಾರ್ಯತೆ 5.6, ಋಣ 3.5. ಈ ಜನ ಸದ್ಯಕ್ಕೆ ಎಲ್ಲಿಗೂ ಹೋಗುವುದಿಲ್ಲ. ಹೊರಗೆ ಕೆಲಸದ ಬಾಗಿಲು ತೆರೆದ ದಿನ ಹೋಗುತ್ತಾರೆ, ಮತ್ತು ಬೇಡಿಕೆ ಇರುವವರು ಮೊದಲು ಹೋಗುತ್ತಾರೆ. ಇಂಥ ಕಡೆ ‘ಐದು ವರ್ಷ ಇದ್ದರೆ ಇಷ್ಟು’ ಎಂಬ ಬಗೆಯ ಉಳಿಕೆ ಬೋನಸ್ ಕೊಟ್ಟರೆ ಅನಿವಾರ್ಯತೆಯ ಅಂಕ ಇನ್ನಷ್ಟು ಏರುತ್ತದೆ, ಒಲವು ಇದ್ದಲ್ಲೇ ಇರುತ್ತದೆ. ಕೆಲಸದಲ್ಲಿ ವ್ಯತ್ಯಾಸವೇನೂ ಕಾಣುವುದಿಲ್ಲ.

ಗೌಪ್ಯತೆಯ ಬಗ್ಗೆ ಒಂದು ಎಚ್ಚರ. ಐದಕ್ಕಿಂತ ಕಡಿಮೆ ಜನರಿರುವ ಗುಂಪಿನ ಅಂಕ ಯಾರಿಗೂ ಕೊಡಬಾರದು, ಹತ್ತರ ಮಿತಿ ಇಟ್ಟುಕೊಂಡರೆ ಇನ್ನೂ ಕ್ಷೇಮ. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಕಳೆಯುವ ಲೆಕ್ಕ: 12 ಜನರ ವಿಭಾಗದ ಅಂಕವನ್ನೂ ಅದರೊಳಗಿನ 9 ಪುರುಷರ ಅಂಕವನ್ನೂ ಪ್ರಕಟಿಸಿದರೆ ಉಳಿದ 3 ಮಹಿಳೆಯರ ಅಂಕ ಯಾರು ಬೇಕಾದರೂ ಲೆಕ್ಕ ಹಾಕಬಹುದು. ಒಮ್ಮೆ ಹೀಗೆ ಬಯಲಾದ ಮೇಲೆ ಮುಂದಿನ ಸರ್ವೆಗೆ ಯಾರೂ ನಿಜ ಹೇಳುವುದಿಲ್ಲ.

ಈ ಸಾಧನಗಳಲ್ಲಿ ಕೊರತೆಗಳೂ ಇವೆ. 2001ರ ನ್ಯಾಯದ ಪ್ರಶ್ನೆಗಳಲ್ಲಿ ಹೆಚ್ಚಿನವು ನಿಯಮ ಎಷ್ಟು ಪಾಲನೆಯಾಯಿತು ಎಂದು ಕೇಳುತ್ತವೆ, ಎಷ್ಟು ಮುರಿಯಿತು ಎಂದು ಕೇಳುವುದಿಲ್ಲ. ಗೌರವ ಕೊಡದೆ ಇರುವುದು ಬೇರೆ, ನಾಲ್ಕು ಜನರ ಮುಂದೆ ಅವಮಾನ ಮಾಡುವುದು ಬೇರೆ. ಎರಡಕ್ಕೂ ಇಲ್ಲಿ ಬೀಳುವುದು 1. ಇದನ್ನು ಸರಿಪಡಿಸಲು ಕಾಲ್ಕ್ವಿಟ್ ಮತ್ತು ಸಂಗಡಿಗರು 2015ರಲ್ಲಿ ಅನ್ಯಾಯದ ಬದಿಯನ್ನೂ ಅಳೆಯುವ ಆವೃತ್ತಿ ತಂದರು. ಬೈಗುಳ, ಅವಮಾನದ ದೂರುಗಳಿರುವ ಜಾಗದಲ್ಲಿ ಅದನ್ನೇ ಬಳಸುವುದು ಸರಿ. ಹಂಚಿಕೆಯ ನಾಲ್ಕೂ ಪ್ರಶ್ನೆ ದುಡಿಮೆಗೆ ತಕ್ಕ ಪ್ರತಿಫಲ ಎಂಬ ಒಂದೇ ಅಳತೆಯಲ್ಲಿ ನಿಂತಿರುವುದು ಇನ್ನೊಂದು ಕೊರತೆ. ಸಮಪಾಲು, ಅಗತ್ಯಕ್ಕೆ ತಕ್ಕ ಪಾಲು ಎಂಬ ನ್ಯಾಯದ ಕಲ್ಪನೆಗಳೂ ಇವೆ. ವೈದ್ಯಕೀಯ ರಜೆ, ಶಿಶುಪಾಲನೆಯ ಸೌಲಭ್ಯದಂಥ ವಿಷಯಕ್ಕೆ ಈ ನಾಲ್ಕು ಪ್ರಶ್ನೆ ಹೊಂದುವುದೇ ಇಲ್ಲ. ಬದ್ಧತೆಯ ಕಡೆ, ಒಲವಿನ ಭಾಗವೂ ಋಣದ ಭಾಗವೂ ಬಹಳ ಸಲ ಒಂದರೊಳಗೊಂದು ಬೆರೆತು ಬರುತ್ತವೆ. ಋಣದ ಅಂಕದ ಮೇಲೆ ಮಾತ್ರ ನಿಂತು ಯಾವ ತೀರ್ಮಾನವನ್ನೂ ಮಾಡದಿರುವುದು ವಾಸಿ.

ಪರ್ಯಾಯಗಳ ಬಗ್ಗೆ ಚುಟುಕಾಗಿ. ಮೌಡೆ, ಸ್ಟಿಯರ್ಸ್, ಪೋರ್ಟರ್ ಅವರ 1979ರ 15 ಹೇಳಿಕೆಗಳ ಪ್ರಶ್ನಾವಳಿ ಹಳೆಯದು, ಗಟ್ಟಿ, ಆದರೆ ಅಳೆಯುವುದು ಬಹುಮಟ್ಟಿಗೆ ಒಲವನ್ನೇ. ಕೆಲಸ ಬಿಡುವ ಇರಾದೆಯೂ ಅದರೊಳಗೆ ನುಸುಳಿದೆ. ಗ್ಯಾಲಪ್‌ನ 12 ಪ್ರಶ್ನೆಗಳ ಸರ್ವೆ ದಿನನಿತ್ಯದ ಕೆಲಸದ ವಾತಾವರಣ ನೋಡಲು ಚೆನ್ನ, ಬೇಗ ಮುಗಿಯುತ್ತದೆ. ನ್ಯಾಯವನ್ನು ಬಿಡಿಸಿ ನೋಡಲು ಅದು ಇರುವುದಲ್ಲ. ಪರವಾನಗಿಯ ವಿಷಯಕ್ಕೆ ಬಂದರೆ, ಮೇಯರ್–ಅಲೆನ್ ಪ್ರಶ್ನಾವಳಿಯನ್ನು ಸಂಶೋಧನೆಗೆ ಶುಲ್ಕವಿಲ್ಲದೆ ಬಳಸಬಹುದು, ವಾಣಿಜ್ಯ ಬಳಕೆಗೆ ಪರವಾನಗಿ ಪಡೆಯಬೇಕು. ನ್ಯಾಯದ ಪ್ರಶ್ನೆಗಳು ಪ್ರಬಂಧದಲ್ಲೇ ಅಚ್ಚಾಗಿವೆ, ಹಕ್ಕು ಪ್ರಕಾಶಕರದ್ದು; ಸಂಸ್ಥೆಯೊಳಗೆ ದೊಡ್ಡ ಪ್ರಮಾಣದಲ್ಲಿ ಬಳಸುವ ಮುನ್ನ ಅನುಮತಿ ಕೇಳುವುದು ಕ್ರಮ.

ಯಾರು ಬಳಸಬಾರದು? ಇಪ್ಪತ್ತಕ್ಕಿಂತ ಕಡಿಮೆ ಜನರಿರುವ ಸಂಸ್ಥೆಗೆ ಇದು ಬೇಡ, ಕೂತು ಮಾತಾಡಿದರೆ ಇದಕ್ಕಿಂತ ಹೆಚ್ಚು ತಿಳಿಯುತ್ತದೆ. ಫಲಿತಾಂಶ ಬಂದ ಮೇಲೆ ಯಾವ ನಿಯಮವನ್ನೂ ಬದಲಿಸುವ ಅಧಿಕಾರ ಅಥವಾ ಮನಸ್ಸು ಇಲ್ಲದವರಿಗೂ ಬೇಡ, ಮತ್ತು ಇದನ್ನು ನಾವು ಒತ್ತಿ ಹೇಳುತ್ತೇವೆ. ಅಭಿಪ್ರಾಯ ಕೇಳಿ, ಅದರಂತೆ ಏನೂ ಮಾಡದಿದ್ದರೆ ಕೇಳದೆ ಇದ್ದದ್ದಕ್ಕಿಂತ ಹೆಚ್ಚು ಕಹಿಯಾಗಬಹುದು ಎಂಬುದು 1970ರ ದಶಕದ ಕೊನೆಯಿಂದಲೇ ರಾಬರ್ಟ್ ಫೋಲ್ಗರ್ ಮತ್ತಿತರರ ಪ್ರಯೋಗಗಳಲ್ಲಿ ಕಂಡ ಸಂಗತಿ. ಅದರಲ್ಲೂ ನೋವು ಹೆಚ್ಚಾಗುವುದು ಅತಿ ಬದ್ಧರಾಗಿದ್ದವರಿಗೆ. ಬ್ರಾಕ್ನರ್, ಟೈಲರ್ ಮತ್ತು ಕೂಪರ್-ಷ್ನೈಡರ್ 1992ರಲ್ಲಿ ತೋರಿಸಿದಂತೆ, ಮೊದಲು ಸಂಸ್ಥೆಯನ್ನು ಗಾಢವಾಗಿ ನಂಬಿದ್ದವರು ಅನ್ಯಾಯ ಕಂಡಾಗ ಉಳಿದವರಿಗಿಂತ ದೂರ ಸರಿಯುತ್ತಾರೆ. ಆದ್ದರಿಂದ ಒಲವಿನ ಅಂಕ ಹಿಂದೆ ಚೆನ್ನಾಗಿದ್ದು ಕಾರ್ಯವಿಧಾನದ ಅಂಕ ಈಗ ಕುಸಿದಿರುವ ವಿಭಾಗವಿದ್ದರೆ ಮೊದಲ ಸರದಿ ಅದಕ್ಕೇ ಸಲ್ಲಬೇಕು, ಅಲ್ಲಿ ಗಲಾಟೆ ಇನ್ನೂ ಎದ್ದಿಲ್ಲದಿದ್ದರೂ.

ಸರ್ವೆ ಮುಗಿದ 30 ದಿನದೊಳಗೆ ಅಂಕಗಳನ್ನು ನಾಲ್ಕು ಭಾಗವಾಗಿಯೇ ಎಲ್ಲರ ಮುಂದಿಡಿ. ಬದಲಿಸಲು ಹೊರಟಿರುವ ಒಂದೆರಡು ನಿಯಮಗಳನ್ನು ತಾರೀಕಿನ ಜೊತೆ ಹೇಳಿ, ಬದಲಿಸಲಾಗದ್ದು ಯಾವುದು, ಯಾಕೆ ಎಂಬುದನ್ನೂ ಬಿಚ್ಚಿ ಹೇಳಿ. ಎರಡನೇ ಸುತ್ತು ಕೇಳುವುದು ಆ ಹೊಸ ನಿಯಮದಡಿ ಒಂದು ಪೂರ್ತಿ ಪರಿಷ್ಕರಣೆಯೋ ಬಡ್ತಿಯೋ ನಡೆದು ಮುಗಿದ ಮೇಲೆಯೇ. ಅದಕ್ಕೆ ಮುಂಚೆ ಕೇಳಿದರೆ ಸಿಗುವುದು ನಿಯಮದ ಅಂಕವಲ್ಲ, ಭರವಸೆಯ ಅಂಕ. ಒಲವಿನ ಅಂಕ ಕಾರ್ಯವಿಧಾನದ ಅಂಕದ ಹಿಂದೆ ನಿಧಾನವಾಗಿ ಏರುವಂಥದ್ದು, ಮೊದಲ ಸುತ್ತಿನಲ್ಲೇ ಅದು ಅಲುಗಾಡಲಿಲ್ಲವೆಂದು ಹೊಸ ಮೇಲ್ಮನವಿ ವ್ಯವಸ್ಥೆಯನ್ನು ಕಿತ್ತುಹಾಕಬೇಡಿ.